ಕಡಲಿಗೆ ಬೆನ್ನು

ಕೆರೆಗಳಿಗೆ ಸಾಗರವೆಂದು ಹೆಸರಿಟ್ಟುಕೊಂಡ ಊರು ನಮ್ಮದು. ಹುಸೇನ್ ಸಾಗರ, ಹಿಮಾಯತ್ ಸಾಗರ, ಉಸ್ಮಾನ್ ಸಾಗರ. ನಿಜವಾದ ಸಾಗರವನ್ನು ನೋಡಬೇಕೆಂದರೆ ಹೈದರಾಬಾದಿನಿಂದ ಆಂಧ್ರದ ಬಾಪಟ್ಲದ ಕಡೆಗೆ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರ ಹೋಗಬೇಕು. ಹೀಗಿದ್ದೂ ಇಡೀ ದೇಶದ ಕಡಲಿನ ಏರಿಳಿತವನ್ನು ದಿನವೂ ಲೆಕ್ಕ ಹಾಕುವ ಕಚೇರಿ ಇರುವುದು ಇದೇ ಊರಿನಲ್ಲಿ. ಪ್ರಗತಿನಗರದ ಆ ಆವರಣದ ಹೆಸರು ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ. ಎಲ್ಲರೂ ಅದನ್ನು ಕರೆಯುವುದು ಇನ್‌ಕಾಯ್ಸ್ ಎಂದು. 1999ರಲ್ಲಿ ಆರಂಭವಾದ ಈ ಸಂಸ್ಥೆಯೊಳಗೆ, 2004ರ ಡಿಸೆಂಬರಿನ ಸುನಾಮಿಯ ತರುವಾಯ, 2007ರಲ್ಲಿ ಸುನಾಮಿ ಮುನ್ನೆಚ್ಚರಿಕೆ ಕೇಂದ್ರವೂ ಸ್ಥಾಪನೆಯಾಯಿತು. ಯಾವ ಕರಾವಳಿಯಲ್ಲಿ ನಾಳೆ ಎಷ್ಟೆತ್ತರದ ಅಲೆ, ಯಾವ ದಿಕ್ಕಿನಲ್ಲಿ ಮೀನು ಸಿಕ್ಕೀತು ಎಂಬ ಸೂಚನೆಗಳು ಇಲ್ಲಿಂದ ಮೀನುಗಾರರ ಮೊಬೈಲಿಗೆ ಹೋಗುತ್ತವೆ. ನಾವು ಕೇಂದ್ರ ಸರ್ಕಾರದ ಬೇರೊಂದು ಇಲಾಖೆಯ ಕಡತಗಳ ನಡುವೆ ದಿನ ಕಳೆಯುವವರು. ಆ ಆವರಣದ ಮುಂದೆ ಎಷ್ಟೋ ವರ್ಷ ಓಡಾಡಿಯೂ ಒಳಗೆ ನಡೆಯುವುದಕ್ಕೂ ನಮಗೂ ಸಂಬಂಧವಿದೆಯೆಂದು ಭಾವಿಸಿರಲಿಲ್ಲ.

ಸಂಬಂಧವನ್ನು ಕಂಡುಹಿಡಿದವಳು ಮಗಳು. ಹದಿಮೂರರ ಹುಡುಗಿ; ಶಾಲೆಯಲ್ಲಿ ತೆಲುಗು, ಗೆಳತಿಯರೊಡನೆ ಹೈದರಾಬಾದಿ ಹಿಂದಿ, ಪುಸ್ತಕಕ್ಕೆ ಇಂಗ್ಲಿಷು, ಮನೆಯ ಮಟ್ಟಿಗೆ ಕನ್ನಡ. ತುಳು ಅವಳಿಗೆ ಬಾರದು. ಶಾಲೆಯ ಯಾವುದೋ ಯೋಜನಾ ಕಾರ್ಯಕ್ಕೆಂದು ಅಲೆಗಳ ನಕ್ಷೆಯನ್ನು ತೆರೆದು ಕುಳಿತವಳು ಒಂದು ಸಂಜೆ ಮೂಲ್ಕಿಯ ಹೆಸರನ್ನು ಕಂಡು, “ಇದು ಅಜ್ಜಿಮನೆಯ ಹತ್ತಿರದ್ದಲ್ಲವೇ? ಇಲ್ಲಿ ಸರ್ಫಿಂಗ್ ಕಲಿಸುತ್ತಾರಂತೆ” ಎಂದಳು. ನಮ್ಮ ಅಜ್ಜಿಮನೆ ಇರುವುದು ಮೂಲ್ಕಿಗೂ ಪಡುಬಿದ್ರಿಗೂ ನಡುವಣ ಒಂದು ಹಳ್ಳಿಯಲ್ಲಿ. ಕಡಲಿಗೂ ಮನೆಗೂ ನಡುವೆ ಒಂದು ತೆಂಗಿನ ತೋಟ ಮಾತ್ರ. ಬಾಲ್ಯದ ಎಲ್ಲ ರಜೆಗಳನ್ನೂ ನಾವು ಅಲ್ಲಿ ಕಳೆದಿದ್ದೇವೆ, ಆದರೆ ಮೊಣಕಾಲಿಗಿಂತ ಆಳದ ನೀರಿಗೆ ಒಮ್ಮೆಯೂ ಇಳಿದವರಲ್ಲ.

ಅದಕ್ಕೆ ಕಾರಣ ಅಜ್ಜಿಯ ತಮ್ಮ. ನಾವು ಹುಟ್ಟುವ ಮೊದಲೇ, ಇಪ್ಪತ್ತರ ಪ್ರಾಯದಲ್ಲಿ, ಅಳಿವೆಯಲ್ಲಿ ಹೋದವರು. ನಮ್ಮದು ಮೀನುಗಾರರ ಮನೆತನವಲ್ಲ, ಬೇಸಾಯದವರದು. ಸಣ್ಣಜ್ಜ ಕಡಲಿನ ಜೊತೆ ಆಟವಾಡಲು ಹೋದ, ಕಡಲು ಅವನನ್ನು ಇಟ್ಟುಕೊಂಡಿತು ಎಂಬಷ್ಟನ್ನೇ ನಮಗೆ ಹೇಳಿದ್ದರು. ಆಮೇಲೆ ಆ ಮನೆಯವರು ಸಮುದ್ರಕ್ಕಿಳಿಯುತ್ತಿದ್ದುದು ಅಮಾವಾಸ್ಯೆಯ ತೀರ್ಥಸ್ನಾನಕ್ಕೆ ಮತ್ತು ಬೂದಿ ಬಿಡುವುದಕ್ಕೆ, ಎರಡೇ ಕೆಲಸಕ್ಕೆ. ಅಜ್ಜಿ ಸಂಜೆ ತೋಟದ ಅಂಚಿನಲ್ಲಿ ಕುಳಿತು ನಮ್ಮನ್ನು ಕಾಯುತ್ತಿದ್ದರು. ಅವರ ಶಾಸನ ಒಂದೇ: ಕಡಲಿಗೆ ಬೆನ್ನು ಕೊಡಬಾರದು. ಮರಳಿನಲ್ಲಿ ಗೂಡು ಕಟ್ಟಲಿ, ಏಡಿ ಹಿಡಿಯಲಿ, ಮುಖ ಪಡುವಣಕ್ಕೇ ಇರಬೇಕು. ಮನೆಗೆ ಮರಳುವಾಗಲೂ ನಾಲ್ಕು ಹೆಜ್ಜೆ ಹಿಂದಕ್ಕೆ ನಡೆದು ಬಳಿಕ ತಿರುಗಬೇಕು. ದೇವರ ನಡೆಯಿಂದ ಹೊರಡುವವರು ಹಾಗೆ ಮಾಡುವುದನ್ನು ಬಪ್ಪನಾಡಿನಲ್ಲಿ ನೋಡಿದ್ದೆವು, ಆದ್ದರಿಂದ ಇದು ಭಕ್ತಿಯೋ ಭಯವೋ ಎಂದು ಆ ವಯಸ್ಸಿನಲ್ಲಿ ತಿಳಿಯುತ್ತಿರಲಿಲ್ಲ.

2023ರ ದಸರಾ ರಜೆಯಲ್ಲಿ ಹೊರಟೆವು. ಹೊರನಾಡಿನ ಓದುಗರಿಗೆ ಈ ಪ್ರಯಾಣದ ವಿನೋದ ತಿಳಿಯುತ್ತದೆ. ಹೈದರಾಬಾದಿನ ಕಾಚಿಗುಡದಿಂದ ಮಂಗಳೂರಿಗೆ ಹೋಗುವ ನೇರ ಗಾಡಿ ಕರ್ನಾಟಕವನ್ನು ಮುಟ್ಟುವುದೇ ಕೊಟ್ಟಕೊನೆಗೆ. ಕರ್ನೂಲು, ಕಡಪ, ಕಾಟ್ಪಾಡಿ, ಸೇಲಂ, ಕೊಯಮತ್ತೂರು, ಪಾಲಕ್ಕಾಡು, ಕೋಝಿಕ್ಕೋಡು ಎಂದು ನಾಲ್ಕು ರಾಜ್ಯಗಳ ಚಹಾ ಕುಡಿಸಿ, ಕಾಸರಗೋಡು ದಾಟಿಸಿ, ಉಪ್ಪಳ ಮಂಜೇಶ್ವರಗಳಲ್ಲಿ ಕನ್ನಡವನ್ನೂ ತುಳುವನ್ನೂ ಕಿವಿಗೆ ಹಾಕಿ, ನೇತ್ರಾವತಿಯ ಸೇತುವೆಯ ಮೇಲೆ ನಮ್ಮನ್ನು ‘ಊರಿಗೆ’ ತಲುಪಿಸುತ್ತದೆ. ಈಗ ಅದೇ ಗಾಡಿ ಮುರ್ಡೇಶ್ವರದವರೆಗೂ ಹೋಗುತ್ತದೆ. ಆಗ ಮಂಗಳೂರಿನಲ್ಲಿ ಇಳಿದು ಬಸ್ಸು ಹಿಡಿಯಬೇಕಿತ್ತು. ಕಂಡಕ್ಟರು ತುಳುವಿನಲ್ಲಿ ಊರು ಕೇಳಿದಾಗ ನಮ್ಮ ಬಾಯಿಂದ ಉತ್ತರ ತೆಲುಗಿನಲ್ಲಿ ಹೊರಟಿತು. ನಕ್ಕದ್ದು ಮಗಳು ಮಾತ್ರ.

ಮೂಲ್ಕಿಯಲ್ಲಿ ಸರ್ಫಿಂಗ್ ಬೇರು ಬಿಟ್ಟ ಬಗೆ ಸ್ವಲ್ಪ ವಿಚಿತ್ರವಾದದ್ದು. ಅಮೆರಿಕದ ಫ್ಲೋರಿಡಾದಲ್ಲಿ ಅಲೆಗಳ ಮೇಲೆ ಬೆಳೆದ ಜ್ಯಾಕ್ ಹೆಬ್ನರ್ ಎಂಬವರು ಗೌಡೀಯ ವೈಷ್ಣವ ಸಂನ್ಯಾಸ ಸ್ವೀಕರಿಸಿ, ಸ್ವಾಮಿ ನರಸಿಂಘ ಎಂಬ ಹೆಸರಿನಿಂದ ಕರ್ನಾಟಕದಲ್ಲಿ ನೆಲೆನಿಂತರು. ಅವರೂ ಅವರ ಶಿಷ್ಯರೂ 2004ರಲ್ಲಿ ಮೂಲ್ಕಿಯ ಕೊಳಚಿಕಂಬಳದಲ್ಲಿ, ಶಾಂಭವಿ ನದಿಯ ದಂಡೆಯ ಮೇಲೆ ‘ಮಂತ್ರ ಸರ್ಫ್ ಕ್ಲಬ್’ ಆರಂಭಿಸಿದರು. ಬೆಳಗ್ಗೆ ಜಪ, ಆಮೇಲೆ ಅಲೆ. ಪತ್ರಿಕೆಗಳು ಅವರನ್ನು ‘ಸರ್ಫಿಂಗ್ ಸ್ವಾಮಿ’ ಎಂದು ಕರೆದವು. ನೋಡಲು ಬಂದು ನಿಂತ ಊರ ಹುಡುಗರ ಕೈಗೆ ಹಲಗೆ ಸಿಕ್ಕಿತು. ಅವರಲ್ಲಿ ಕೆಲವರು ಸ್ಪರ್ಧಿಗಳಾದರು, ಕೆಲವರು ಕಲಿಸುವವರಾದರು.

ಇಂಗ್ಲಿಷ್ ಎಂ.ಎ. ಓದುವ ಕಾಲದಲ್ಲಿ ಮಾರ್ಕ್ ಟ್ವೇನನ ‘ರಫಿಂಗ್ ಇಟ್’ ನಮ್ಮ ಕೈಗೆ ಬಂದಿತ್ತು. 1866ರಲ್ಲಿ ಹವಾಯಿ ದ್ವೀಪಕ್ಕೆ ಹೋಗಿದ್ದ ಆತ ಅಲ್ಲಿನವರು ಹಲಗೆಯ ಮೇಲೆ ಅಲೆಯೇರಿ ಬರುವುದನ್ನು ಕಂಡು ತಾನೂ ಪ್ರಯತ್ನಿಸಿದ. ಹಲಗೆ ದಡ ಸೇರಿತು, ಸಾಹಿತಿ ನೀರಿನ ತಳಕ್ಕೆ ಹೋದ. ಈ ವಿದ್ಯೆ ಆ ದ್ವೀಪದವರಿಗೇ ಸಾಧ್ಯ ಎಂದು ಆತ ಕೈಬಿಟ್ಟ. ನಾವು ಆ ಪುಟಗಳನ್ನು ಓದಿ ನಕ್ಕಿದ್ದು ಧಾರಾಳವಾಗಿ ನೆನಪಿದೆ. ಕನ್ನಡದಲ್ಲಿ ಅಂಥದನ್ನು ಹುಡುಕಿದರೆ ಸಿಗುವುದಿಲ್ಲ. ಕಾರಂತರ ‘ಮರಳಿ ಮಣ್ಣಿಗೆ’ಯಲ್ಲಿ ಕಡಲಂಚಿನ ಕೋಡಿಯ ಒಂದು ಮನೆಯ ಮೂರು ತಲೆಮಾರು ಇದೆ, ಅಲ್ಲಿಯೂ ಕಡಲೆಂದರೆ ಮನೆಯ ಪಕ್ಕದಲ್ಲಿ ಸದಾ ಸದ್ದು ಮಾಡುವ ದೊಡ್ಡದೊಂದು ಇರವು. ಬೇಸಾಯದವರ ಕಡಲು ಅದು. ಅದರ ಮೇಲೆ ಹತ್ತಿ ನಿಲ್ಲಬಹುದೆಂಬ ಯೋಚನೆ ನಮ್ಮಂಥ ಮನೆಗಳಲ್ಲಿ ಯಾರಿಗೂ ಬಂದಿರಲಿಕ್ಕಿಲ್ಲ. ಹಾಗೆಂದು ನಾವು ನಂಬಿದ್ದೆವು.

ಅಜ್ಜಿಮನೆಯಲ್ಲಿ ಈಗ ಇರುವುದು ಎಪ್ಪತ್ತು ದಾಟಿದ ಚಿಕ್ಕಮ್ಮ ಒಬ್ಬರೇ. ನಾವು ಬಂದ ಉದ್ದೇಶವನ್ನು ಮೊದಲ ದಿನ ಹೇಳಲಿಲ್ಲ. ಪಡುಬಿದ್ರಿಯ ಬೀಚು ನೋಡುವುದಿದೆ, 2020ರಲ್ಲಿ ಅದಕ್ಕೂ ಹೊನ್ನಾವರದ ಕಾಸರಕೋಡಿಗೂ ‘ಬ್ಲೂ ಫ್ಲ್ಯಾಗ್’ ಮಾನ್ಯತೆ ಸಿಕ್ಕಿದೆಯಲ್ಲ ಎಂದು ಏನೇನೋ ಹೇಳಿದೆವು. ಚಿಕ್ಕಮ್ಮ, “ಬಾವುಟ ನೋಡ್ಲಿಕ್ಕೆ ಅಷ್ಟು ದೂರದಿಂದ ಬಂದದ್ದಾ?” ಎಂದರು. ಸಂಜೆ ತೋಟದ ಕಡೆಗೆ ಹೋದೆವು. ಪಡುವಣ ಅಂಚಿನಲ್ಲಿ ಎರಡು ಸಾಲು ತೆಂಗು ಇರಲಿಲ್ಲ. ಅಜ್ಜಿ ಕುಳಿತುಕೊಳ್ಳುತ್ತಿದ್ದ ಜಾಗವೂ ಇರಲಿಲ್ಲ. ಅಲ್ಲಿ ಲಾರಿಗಳಲ್ಲಿ ತಂದು ಸುರಿದ ಕರಿಗಲ್ಲುಗಳ ರಾಶಿ. ಕಲ್ಲು ಹಾಕಿದ ಕಡೆ ನೀರು ನಿಲ್ಲುತ್ತದೆ, ಕಲ್ಲು ಮುಗಿದ ಕಡೆ ಎರಡರಷ್ಟು ಕೊರೆಯುತ್ತದೆ ಎಂದು ಚಿಕ್ಕಮ್ಮ ಹೇಳಿದರು. ಇದನ್ನು ಅವರು ಯಾವ ವರದಿಯಲ್ಲೂ ಓದಿದವರಲ್ಲ. ಕಲ್ಲು ಮುಗಿಯುವುದು ಅವರ ತೋಟ ಆರಂಭವಾಗುವಲ್ಲಿಯೇ. ಫೋನಿನಲ್ಲಿ ವರ್ಷಗಟ್ಟಲೆ ಮಾತಾಡಿದರೂ ಈ ಎರಡು ಸಾಲು ಮರಗಳ ಸುದ್ದಿ ನಮಗೆ ತಿಳಿದಿರಲಿಲ್ಲ. ನಾವು ಕೇಳಿರಲೂ ಇಲ್ಲ.

ಮಾರನೆಯ ಬೆಳಗ್ಗೆ ಆರಕ್ಕೇ ಮೂಲ್ಕಿಯ ಅಳಿವೆಯ ದಡದಲ್ಲಿದ್ದೆವು. ಇಲ್ಲಿ ಶಾಂಭವಿ ಮತ್ತು ನಂದಿನಿ ಎರಡೂ ಹೊಳೆಗಳು ಕೂಡಿ ಕಡಲಿಗಿಳಿಯುತ್ತವೆ. ತೆಂಕಣ ಬದಿಯ ಮರಳ ದಿಣ್ಣೆಯೇ ಸಸಿಹಿತ್ಲು: ಒಂದು ಕಡೆ ಹೊಳೆ, ಇನ್ನೊಂದು ಕಡೆ ಸಮುದ್ರ, ನಡುವೆ ಗಾಳಿಮರಗಳ ಸಾಲು. ಕಲಿಸಲು ಬಂದವನು ಮೀನುಗಾರರ ಮನೆಯ ಹುಡುಗ, ಇಪ್ಪತ್ತೈದರ ಒಳಗಿನವನು. ನಮ್ಮನ್ನು ಅಣ್ಣ, ಅಕ್ಕ ಎಂದು ಕರೆದ. ಮಗಳ ಜೊತೆ ಇಂಗ್ಲಿಷಿನಲ್ಲಿ ಆರಂಭಿಸಿ ಐದೇ ನಿಮಿಷಕ್ಕೆ ಕನ್ನಡಕ್ಕೂ ತುಳುವಿಗೂ ಜಾರಿದ. ಹಲಗೆಯನ್ನು ಮುಟ್ಟಲು ಬಿಡುವ ಮೊದಲು ಅರ್ಧ ಗಂಟೆ ಸುಮ್ಮನೆ ಕೂರಿಸಿದ.

“ಎಂತ ಮಾಡ್ಬೇಕು?” ಎಂದಳು ಮಗಳು.

“ಎಂತದ್ದೂ ಬೇಡ. ನೋಡು. ಅಲೆ ಎಲ್ಲಿ ಒಡೀತದೆ, ಎಲ್ಲಿ ಒಡೆಯುವುದಿಲ್ಲ. ಎಷ್ಟು ಬಂದ ಮೇಲೆ ದೊಡ್ಡದು ಬರ್ತದೆ. ಬಂದ ನೀರು ವಾಪಸು ಯಾವ ದಾರಿಯಲ್ಲಿ ಹೋಗ್ತದೆ.”

ಈ ಮೂರನೆಯ ಮಾತನ್ನು ನಾವು ಸರಿಯಾಗಿ ಕೇಳಿಸಿಕೊಳ್ಳಬೇಕಿತ್ತು.

ದೂರದಿಂದ ಬರುವ ಅಲೆಯ ಲೆಕ್ಕ ನಮಗೆ ಆಮೇಲೆ ತಿಳಿಯಿತು. ದಡದಲ್ಲಿ ಗಾಳಿಯಿಲ್ಲದ ದಿನವೂ ಅಲೆ ಏಳುವುದೇಕೆಂದರೆ ಅದು ಇಲ್ಲಿ ಹುಟ್ಟಿದ್ದಲ್ಲ. ಭೂಮಧ್ಯರೇಖೆಯನ್ನು ದಾಟಿ, ತೆಂಕಣ ಹಿಂದೂ ಮಹಾಸಾಗರದ ತಳದಲ್ಲಿ, ಅಂಟಾರ್ಕ್ಟಿಕಾದ ಕಡೆಯ ಬಿರುಗಾಳಿಗಳು ಎಬ್ಬಿಸಿದ ಉಬ್ಬುಗಳು ಆರೇಳು ಸಾವಿರ ಕಿಲೋಮೀಟರು ಸಾಗಿ ಬರುತ್ತವೆ. ಒಂದು ಉಬ್ಬಿಗೂ ಮುಂದಿನದಕ್ಕೂ ಹದಿನೈದು ಸೆಕೆಂಡಿನ ಅಂತರವಿದ್ದರೆ ಆ ತಂಡ ದಿನಕ್ಕೆ ಸುಮಾರು ಸಾವಿರ ಕಿಲೋಮೀಟರು ನಡೆಯುತ್ತದೆ. ಅಂದರೆ ಹೊರಟು ಆರೇಳು ದಿನಕ್ಕೆ ಮೂಲ್ಕಿ. ಆಳದ ನೀರಿನಲ್ಲಿ ಅದು ಕಣ್ಣಿಗೇ ಬೀಳದು. ತಳ ಮೇಲಕ್ಕೆ ಬಂದಂತೆ ಅಲೆಯ ಬುಡ ತಡವಾಗುತ್ತದೆ, ತಲೆ ಮುಂದಕ್ಕೆ ಬಾಗುತ್ತದೆ, ಒಡೆಯುತ್ತದೆ. ಒಡೆಯುವ ಆ ಕ್ಷಣಕ್ಕೆ ಸರಿಯಾಗಿ ಹಲಗೆ ಅದರ ಮುಂದಿನ ಇಳಿಜಾರಿನಲ್ಲಿರಬೇಕು. ಇಷ್ಟೇ ವಿದ್ಯೆ. ಇದರ ಮುನ್ಸೂಚನೆ ಹೊರಡುವುದು ನಮ್ಮ ಪ್ರಗತಿನಗರದಿಂದ ಎಂದು ಹುಡುಗನಿಗೆ ಹೇಳಿದಾಗ ಅವನಿಗೆ ನಂಬಿಕೆ ಬರಲಿಲ್ಲ. “ಹೈದರಾಬಾದಿಂದವಾ? ಅಲ್ಲಿ ಕಡಲೆಲ್ಲಿ ಉಂಟು ಮಾರಾಯ್ರೆ?”

ಮರಳಿನ ಮೇಲೆ ಹಲಗೆಯಿಟ್ಟು ಮಲಗುವುದು, ಕೈ ಊರಿ ಏಳುವುದು, ಕಾಲು ಅಡ್ಡವಾಗಿಟ್ಟು ನಿಲ್ಲುವುದು ಇವನ್ನೆಲ್ಲ ಕಲಿಸಿದ ಬಳಿಕ ಅವಳ ಕಾಲಿಗೆ ಹಲಗೆಯ ಹಗ್ಗ ಕಟ್ಟಿ ಸೊಂಟದಾಳದ ನೀರಿಗೆ ಕರೆದೊಯ್ದ. ಹಲಗೆಯ ಮೂತಿಯನ್ನು ದಡದ ಕಡೆಗೆ ತಿರುಗಿಸಿ ಅವಳನ್ನು ಅದರ ಮೇಲೆ ಮಲಗಿಸಿದ. ಆಗ ನಮಗೆ ಎದೆ ಧಸಕ್ಕೆಂದಿತು. ಅವಳ ಮುಖ ನಮ್ಮ ಕಡೆಗಿತ್ತು. ಬೆನ್ನು ಪೂರಾ ಕಡಲಿಗೆ. ಬಾಯಿಂದ ಮಾತು ತಾನಾಗಿಯೇ ಹೊರಟಿತು; ಅಜ್ಜಿಯ ಅದೇ ಮಾತು, ತುಳುವಿನಲ್ಲಿ. ಇಪ್ಪತ್ತು ವರ್ಷ ಹೈದರಾಬಾದಿನಲ್ಲಿ ಆಡದಿದ್ದ ಭಾಷೆ. ಹುಡುಗ ತಿರುಗಿ ನೋಡಿ ನಕ್ಕ. “ಬೆನ್ನು ಕೊಡ್ಲಿಕ್ಕಿಲ್ಲ ಅಣ್ಣ, ಹೆಗಲ ಮೇಲಿಂದ ನೋಡ್ತಾ ಇರ್ಬೇಕು. ನಮ್ಮ ಮನೆಯಲ್ಲೂ ಹೇಳುದು ಹಾಗೇ.” ಅವಳ ಗಲ್ಲವನ್ನು ಹಿಡಿದು ಹಿಂದಕ್ಕೆ ತಿರುಗಿಸಿ ತೋರಿಸಿದ.

ಅಲೆ ಬಂತು. ಅವನು ಹಲಗೆಯನ್ನು ನೂಕಿ, “ಲಕ್ಕ್!” ಎಂದು ಕೂಗಿದ. ಏಳು ಎಂದು ಅರ್ಥ. ಅವಳಿಗೆ ಅರ್ಥವಾಗಲಿಲ್ಲ, ಬಿದ್ದಳು. ಎರಡನೆಯ ಸಲ ಅರ್ಥವಾಯಿತು, ಆದರೂ ಬಿದ್ದಳು. ಹೀಗೆ ಹದಿನೇಳು ಸಲ, ನಾವು ಎಣಿಸುತ್ತಿದ್ದೆವು. ಹದಿನೆಂಟನೆಯದಕ್ಕೆ, ತಗ್ಗಿದ ನೊರೆಯ ಮೇಲೆ, ಒಂದು ಐದು ಸೆಕೆಂಡು ನಿಂತಳು. ನಿಂತು ನಮ್ಮನ್ನು ನೋಡಲಿಲ್ಲ, ಹೆಗಲ ಮೇಲಿಂದ ಹಿಂದಕ್ಕೆ ನೋಡಿದಳು.

ಮೂರನೆಯ ದಿನ ನಮ್ಮ ಪಾಲಿನ ಮೂರ್ಖತನ ನಡೆಯಿತು. ಅವಳ ಚಿತ್ರ ತೆಗೆಯಲೆಂದು ನಾವಿಬ್ಬರೂ ನೀರಿಗಿಳಿದೆವು. ಅಲೆ ಒಡೆಯದ, ನೋಡಲು ಬಲು ಶಾಂತವಾದ ಒಂದು ಓಣಿ ಕಂಡಿತು, ಅಲ್ಲಿ ನಿಂತೆವು. ಸಮುದ್ರಕ್ಕೆ ಹೊಸಬರು ಆರಿಸಿಕೊಳ್ಳುವುದು ಯಾವಾಗಲೂ ಅಂಥ ಜಾಗವನ್ನೇ. ದಡಕ್ಕೆ ನುಗ್ಗಿದ ನೀರೆಲ್ಲ ಹಿಂದಿರುಗುವ ದಾರಿ ಅದು, ಆದ್ದರಿಂದಲೇ ಅಲ್ಲಿ ಅಲೆ ಒಡೆಯುವುದಿಲ್ಲ. ಮೊದಲು ಪಾದದಡಿಯ ಮರಳು ಹೋಯಿತು. ಸೊಂಟದ ನೀರು ಎದೆಗೆ ಬಂತು. ಒಬ್ಬರ ಕೈ ಒಬ್ಬರು ಹಿಡಿದು ದಡದ ಕಡೆಗೇ ಒದ್ದಾಡಿದೆವು; ಒದ್ದಾಡಿದಷ್ಟೂ ದಡ ದೂರವಾಗುತ್ತಿತ್ತು. ಆಗ ಭಯಕ್ಕಿಂತ ಮೊದಲು ನಮಗಾದದ್ದು ಒಂದು ಬಗೆಯ ನಾಚಿಕೆ ಎಂದರೆ ಓದುಗರು ನಂಬಲಿಕ್ಕಿಲ್ಲ. ಈ ನೀರಿನ ಪಕ್ಕದಲ್ಲೇ ಬೆಳೆದವರು, ಇದರ ದಾರಿ ಯಾವುದೆಂದು ತಿಳಿಯದವರು.

ಹುಡುಗ ಹಲಗೆಯ ಮೇಲೆ ಮಲಗಿ ಬಂದ. ಬೊಬ್ಬೆ ಹಾಕಲಿಲ್ಲ. “ಹಲಗೆ ಹಿಡ್ಕೊಳ್ಳಿ ಅಕ್ಕ. ಅಣ್ಣ, ಕಾಲು ಬಡೀಬೇಡಿ. ದಡಕ್ಕೆ ಹೋಗುದು ಬೇಡ, ಬದಿಗೆ ಹೋಗುವ.” ದಡಕ್ಕೆ ಸಮಾನಾಂತರವಾಗಿ, ಬಡಗಣಕ್ಕೆ, ಒಂದು ನಲವತ್ತು ಐವತ್ತು ಅಡಿ ಸಾಗಿದೆವೋ ಇಲ್ಲವೋ ಹಿಡಿತ ಸಡಿಲವಾಯಿತು. ಆಮೇಲೆ ಒಡೆಯುವ ಅಲೆಗಳೇ ನಮ್ಮನ್ನು ನೂಕಿ ಮರಳಿಗೆ ಹಾಕಿದವು. ನಾವು ಹೆದರುತ್ತಿದ್ದ ಅಲೆಗಳವು. ಮಗಳು ದಡದಲ್ಲಿ ನಿಂತು ಅಳುತ್ತಿದ್ದಳು. ಮೊಬೈಲು ನೀರಿಗೆ ಹೋಗಿತ್ತು. ಹುಡುಗನಿಗೆ ಏನು ಕೊಟ್ಟರೂ ತೆಗೆದುಕೊಳ್ಳಲಿಲ್ಲ. “ಸೆಳೆತ ಎಲ್ಲಿ ಉಂಟಂತ ಮೊದಲ ದಿನವೇ ನಾನು ಕೋಲು ನೆಟ್ಟು ತೋರಿಸ್ಬೇಕಿತ್ತು” ಎಂದು ತಪ್ಪನ್ನು ತನ್ನ ಮೇಲೆಯೇ ಹಾಕಿಕೊಂಡ. ಅದು ಅವನ ತಪ್ಪಲ್ಲ. ನೋಡಿ ಎಂದು ಅರ್ಧ ಗಂಟೆ ಕೂರಿಸಿದ್ದ.

ಚಿಕ್ಕಮ್ಮನಿಗೆ ಹೇಳಬಾರದೆಂದು ಮೂವರೂ ಒಪ್ಪಂದ ಮಾಡಿಕೊಂಡೆವು. ಬಾಗಿಲಲ್ಲಿ ನಿಂತಿದ್ದವರು ನಮ್ಮನ್ನು ಮೇಲಿಂದ ಕೆಳಗೆ ನೋಡಿ ಬಿಸಿನೀರಿಗೆ ಒಲೆ ಉರಿಮಾಡಿದರು, ಅಷ್ಟೇ. ಊಟದ ಬಳಿಕ ಮಾತು ತೆಗೆದವರು ಅವರೇ. ಯಾರು ಹೇಳಿದರೋ, ಸಂಜೆಯೊಳಗೆ ಎಲ್ಲ ತಿಳಿದಿತ್ತು. ಬೈಯುತ್ತಾರೆಂದು ಕಾದೆವು. ಅವರು ಕೇಳಿದ್ದು ಮಗಳನ್ನು: “ಆ ಹಲಗೆ ಎಷ್ಟು ಉದ್ದ ಉಂಟು?” ಅವಳು ಕೈ ಅಗಲಿಸಿ ತೋರಿಸಿದಳು. ಮಾವನ ಹಲಗೆ ಅದರ ಅರ್ಧದಷ್ಟಿತ್ತು ಎಂದರು ಚಿಕ್ಕಮ್ಮ.

ನಮ್ಮ ಸಣ್ಣಜ್ಜ, ಅವರ ಸೋದರಮಾವ, ಒಡೆದ ದೋಣಿಯ ಹಲಗೆಯೊಂದನ್ನು ಎದೆಗಿಟ್ಟುಕೊಂಡು ಮೀನುಗಾರರ ಮಕ್ಕಳ ಜೊತೆ ಅಲೆಯ ಮೇಲೆ ಜಾರಿ ಬರುತ್ತಿದ್ದರಂತೆ. ನಿಲ್ಲುವುದಲ್ಲ, ಮಲಗಿಕೊಂಡೇ. ಚಿಕ್ಕಮ್ಮ ಐದಾರು ವರ್ಷದವರಿದ್ದಾಗ ತೋಟದ ಅಂಚಿನಿಂದ ನೋಡಿದ್ದಾರೆ. ಅದಕ್ಕಾಗಿ ಮನೆಯಲ್ಲಿ ಏಟೂ ತಿಂದಿದ್ದಾರೆ ಮಾವ. ಆದರೆ ಅವರು ಹೋದದ್ದು ಆ ಆಟದಲ್ಲಿ ಅಲ್ಲ. ಮಳೆಗಾಲ ಹಿಡಿಯುವ ಹೊತ್ತಿಗೆ ಅಳಿವೆ ದಾಟುತ್ತಿದ್ದ ದೋಣಿಯೊಂದು ಮಗುಚಿತು. ದಡದಲ್ಲಿದ್ದ ಸಣ್ಣಜ್ಜ ಈಜಿ ಹೋಗಿ ಒಬ್ಬನನ್ನು ತಂದರು, ಇನ್ನೊಬ್ಬನಿಗಾಗಿ ಮರಳಿ ಹೋದರು. ಬದುಕಿ ಬಂದವನ ಮನೆಯವರು ಈಗಲೂ ನೂಲ ಹುಣ್ಣಿಮೆಯ ಸಮುದ್ರಪೂಜೆಯ ದಿನ, ಹಾಲೆರೆದು ತೆಂಗಿನಕಾಯಿ ಬಿಟ್ಟ ಮೇಲೆ, ಒಂದು ಕಾಯಿಯನ್ನು ಚಿಕ್ಕಮ್ಮನ ಜಗಲಿಗೆ ತಂದಿಡುತ್ತಾರಂತೆ. ಆ ಕಾಯಿಯನ್ನು ಬಾಲ್ಯದಲ್ಲಿ ನಾವೂ ನೋಡಿದ್ದೇವೆ. ಯಾಕೆಂದು ಕೇಳಿರಲಿಲ್ಲ.

“ಹಾಗಾದರೆ ಅಜ್ಜಿ ನಮಗೆ ಯಾಕೆ ಹಾಗೆ ಹೇಳಿದರು?”

ಚಿಕ್ಕಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಆಟ ಆಡಲಿಕ್ಕೆ ಹೋಗಿ ಸತ್ತ ಅಂದರೆ ಮಕ್ಕಳು ನೀರಿಗಿಳಿಯುವುದಿಲ್ಲ. ಇನ್ನೊಬ್ಬರನ್ನು ಉಳಿಸ್ಲಿಕ್ಕೆ ಹೋಗಿ ಸತ್ತ ಅಂದರೆ ಇಳಿಯುತ್ತಾವೆ.”

ಅಜ್ಜಿಯ ಲೆಕ್ಕ ಸರಿಯಾಗಿತ್ತೋ ಏನೋ. ನಾವಂತೂ ಇಳಿಯಲಿಲ್ಲ. ಓದಿದೆವು, ಪರೀಕ್ಷೆ ಬರೆದೆವು, ಕಡಲಿಲ್ಲದ ಊರಿಗೆ ವರ್ಗವಾಗಿ ಹೋದೆವು. ಒಬ್ಬ ತಮ್ಮನ ಹೆಸರನ್ನು ಕೆಡಿಸಿ ಅವರು ನಮ್ಮನ್ನು ಉಳಿಸಿಕೊಂಡಿದ್ದರು ಎಂಬುದನ್ನು ಆ ರಾತ್ರಿ ಜಗಲಿಯಲ್ಲಿ ಕುಳಿತು ಅರಗಿಸಿಕೊಳ್ಳುವುದು ಸುಲಭವಾಗಿರಲಿಲ್ಲ. ಈಗಲೂ ಪೂರ್ತಿ ಅರಗಿಲ್ಲ.

ಉಳಿದ ದಿನಗಳನ್ನು ಚಿಕ್ಕಮ್ಮನೇ ನಡೆಸಿದರು. ಒಂದು ಸಂಜೆ ಕಾಪು ದೀಪಸ್ತಂಭ. 1901ರಲ್ಲಿ ಕಡಲಂಚಿನ ಬಂಡೆಯ ಮೇಲೆ ಕಟ್ಟಿದ್ದು; ಮೇಲಿಂದ ನೋಡಿದರೆ ಕೆಳಗಿನ ಬಂಡೆಗಳು ಕೊಂಚ ನಮ್ಮ ಹೈದರಾಬಾದಿನ ಬಂಡೆಗಳಂತೆಯೇ, ಆದರೆ ಇಲ್ಲಿ ಅವಕ್ಕೆ ಕೆಲಸವಿದೆ, ದಿನವಿಡೀ ಅಲೆ ಒಡೆಯುತ್ತವೆ. ನಮ್ಮಲ್ಲಿಯವು ಅಪಾರ್ಟ್‌ಮೆಂಟಿಗಾಗಿ ತಾವೇ ಒಡೆಯುತ್ತಿವೆ. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೂ ಹೋದೆವು. ಮಡಗಾಸ್ಕರ್ ನಮ್ಮಿಂದ ಬೇರೆಯಾಗುತ್ತಿದ್ದ ಕಾಲದಲ್ಲಿ, ಎಂಟು ಕೋಟಿ ವರ್ಷಗಳಿಗೂ ಹಿಂದೆ, ಲಾವಾ ತಣಿದು ಆರು ಮೂಲೆಯ ಕಂಬಗಳಾಗಿ ನಿಂತ ಆ ಕಲ್ಲುಗಳ ನಡುವೆ ಮಗಳು ಒಂದು ಗಂಟೆ ಸುತ್ತಿದಳು. ಚಿಕ್ಕಮ್ಮ ದೋಣಿ ಹತ್ತಿದ್ದು ಅದೇ ಮೊದಲು.

ಬಪ್ಪನಾಡಿಗೆ ಹೋಗದಿದ್ದರೆ ಮೂಲ್ಕಿಗೆ ಬಂದಂತಾಗುವುದಿಲ್ಲ. ಶಾಂಭವಿಯಲ್ಲಿ ಬರುತ್ತಿದ್ದ ಬಪ್ಪ ಬ್ಯಾರಿ ಎಂಬ ಮುಸ್ಲಿಂ ವ್ಯಾಪಾರಿಯ ದೋಣಿ ನಡುಹೊಳೆಯಲ್ಲಿ ನಿಂತಿತು, ಕನಸಿನಲ್ಲಿ ದುರ್ಗಾಪರಮೇಶ್ವರಿ ಕಾಣಿಸಿಕೊಂಡಳು, ಆತನೇ ಗುಡಿ ಕಟ್ಟಿಸಿದ ಎಂಬುದು ಊರಿನ ಐತಿಹ್ಯ. ಜಾತ್ರೆಯಲ್ಲಿ ಆ ಮನೆತನಕ್ಕೆ ಈಗಲೂ ಪ್ರಸಾದದ ಮರ್ಯಾದೆಯಿದೆ. ಅಲ್ಲಿಯ ದೊಡ್ಡ ಡೋಲನ್ನು ಮಗಳು ಮುಟ್ಟಿ ನೋಡಿದಳು. ದೇವರ ನಡೆಯಿಂದ ಹೊರಡುವಾಗ ಚಿಕ್ಕಮ್ಮ ನಾಲ್ಕು ಹೆಜ್ಜೆ ಹಿಂದಕ್ಕೆ ನಡೆದರು. ನಾವೂ ನಡೆದೆವು. ಹೊರಗೆ ರಸ್ತೆಯಲ್ಲಿ ದಸರಾದ ಹುಲಿವೇಷದ ತಂಡವೊಂದು ತಾಸೆಯ ಏಟಿಗೆ ಕುಣಿಯುತ್ತಿತ್ತು, ಹಳದಿ ಕಪ್ಪು ಬಣ್ಣ ಬಳಿದುಕೊಂಡ ಹುಲಿಯೊಂದು ತಂಡ ಬಿಟ್ಟು ನೇರ ನಮ್ಮ ಬಳಿಗೆ ಬಂದು ಮಗಳಿಗೆ ಕೈ ಮಾಡಿ, “ಲಕ್ಕ್!” ಎಂದಿತು. ನಮ್ಮ ಹುಡುಗ. ಹೆಗಲಿನ ಮೇಲೆ ಬಣ್ಣ ಒಡೆದು ಹಲಗೆ ಉಜ್ಜಿದ ಗಾಯ ಕಾಣುತ್ತಿತ್ತು.

ಮರುವರ್ಷ, 2024ರ ಮೇ ಕೊನೆಯಲ್ಲಿ, ಮತ್ತೆ ಹೋದೆವು. ಮೇ 31ರಿಂದ ಮೂರು ದಿನ ಸಸಿಹಿತ್ಲಿನಲ್ಲಿ ‘ಇಂಡಿಯನ್ ಓಪನ್ ಆಫ್ ಸರ್ಫಿಂಗ್’ ನಡೆಯಿತು. ಅದರ ಮೊದಲ ಸ್ಪರ್ಧೆ 2016ರಲ್ಲಿ ನಡೆದದ್ದೂ ಇದೇ ಮರಳಿನ ಮೇಲೆ. ಕಾಲದ ಆಯ್ಕೆಯಲ್ಲಿ ಒಂದು ಸ್ವಾರಸ್ಯವಿದೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಮಲ್ಪೆಯಲ್ಲೂ ಮಂಗಳೂರಿನಲ್ಲೂ ಬೋಟುಗಳು ಲಂಗರು ಹಾಕಿ ಸಾಲುಗಟ್ಟುತ್ತವೆ. ದೋಣಿಯವರು ಕಡಲಿನಿಂದ ಮೇಲೆ ಬರುವ ವಾರದಲ್ಲೇ ಹಲಗೆಯವರು ಕೆಳಗಿಳಿಯುತ್ತಾರೆ. ಆ ವರ್ಷ ಮುಂಗಾರು ಮೇ 30ಕ್ಕೇ ಕೇರಳ ಮುಟ್ಟಿತ್ತು. ಮೋಡ ಕವಿದು ನೀರು ಬೂದಿಬಣ್ಣಕ್ಕೆ ತಿರುಗಿತ್ತು. ತಮಿಳುನಾಡಿನ ಹುಡುಗರದೇ ಮೇಲುಗೈ. ಮಹಾಬಲಿಪುರದ ಕಮಲಿ, ನಮ್ಮ ಮಗಳಿಗಿಂತ ಒಂದೆರಡು ವರ್ಷಕ್ಕೆ ದೊಡ್ಡವಳು, ಅಲೆಯ ಗೋಡೆಯ ಮೇಲೆ ಗೀಟೆಳೆದಂತೆ ಹಾದು ಹೋದಾಗ ಅವಳು ಉಸಿರು ಬಿಡುವುದನ್ನೇ ಮರೆತಿದ್ದಳು. ಕಮಲಿಯ ತಾಯಿ ಮೀನು ಮಾರಿ ಮಗಳನ್ನು ಬೆಳೆಸಿದವರೆಂದು ಕೇಳಿ ಚಿಕ್ಕಮ್ಮ, “ಹಾಗಾದರೆ ಅವಳಿಗೆ ಗೊತ್ತುಂಟು” ಎಂದರು. ಏನು ಗೊತ್ತು ಎಂದು ವಿವರಿಸಲಿಲ್ಲ.

ಹೌದು, ಚಿಕ್ಕಮ್ಮನೂ ಬಂದಿದ್ದರು. ಸಸಿಹಿತ್ಲಿನ ಅಂಚಿನಲ್ಲೂ ಮರಳು ಕೊರೆದು ಬುಡಮೇಲಾದ ಗಾಳಿಮರಗಳಿದ್ದವು. ಅಂಥ ಒಂದು ಮರದ ಮೇಲೆ ಕೊಡೆ ಹಿಡಿದು, ಮೂರು ದಿನವೂ, ಪಡುವಣಕ್ಕೆ ಮುಖ ಮಾಡಿ ಕುಳಿತರು. ಸ್ಪರ್ಧೆಯ ಅಂಕಗಳು ಅವರಿಗೆ ಬೇಕಿರಲಿಲ್ಲ. ಅಲೆ ಒಡೆಯದ ಓಣಿ ಎಲ್ಲಿದೆಯೆಂದು ಮಗಳಿಗೆ ಬೆರಳು ಮಾಡಿ ತೋರಿಸುತ್ತಿದ್ದರು. ಐದಾರರ ವಯಸ್ಸಿನಲ್ಲಿ ತೋಟದ ಅಂಚಿನಿಂದ ಕಲಿತದ್ದಿರಬೇಕು.

ತೋಟದಲ್ಲಿ ಆ ಮಳೆಗಾಲ ಇನ್ನೂ ಮೂರು ಮರ ಹೋದವು. ಈ ಸಲ ನಮಗೆ ಅಂದೇ ತಿಳಿಯಿತು. ಯಾಕೆಂದರೆ ಈಗ ದಿನ ಸಂಜೆ ಏಳಕ್ಕೆ ಮಗಳು ಇನ್‌ಕಾಯ್ಸಿನ ಪುಟ ತೆರೆದು ದಕ್ಷಿಣ ಕನ್ನಡ, ಉಡುಪಿಯ ಸಾಲನ್ನು ಓದಿ, ಚಿಕ್ಕಮ್ಮನಿಗೆ ಫೋನು ಮಾಡುತ್ತಾಳೆ. ಅವಳ ತುಳು ಇನ್ನೂ ನಡೆಯಲು ಕಲಿಯುತ್ತಿದೆ, ಆದ್ದರಿಂದ ಅರ್ಧ ಕನ್ನಡ. “ಅಜ್ಜೀ, ನಾಳೆ ಎರಡೂವರೆ ಮೀಟರ್ ಅಂತೆ.” ಚಿಕ್ಕಮ್ಮ ಫೋನನ್ನು ಕಿವಿಗಿಟ್ಟುಕೊಂಡೇ ತೋಟದ ಅಂಚಿಗೆ ನಡೆದು ಹೋಗುವ ಸದ್ದು ಕೇಳಿಸುತ್ತದೆ, ಒಣಗಿದ ಮಡಲು, ಆಮೇಲೆ ಗಾಳಿ, ಆಮೇಲೆ ಅದು. ಸ್ವಲ್ಪ ಹೊತ್ತು ನೋಡಿ ಹೇಳುತ್ತಾರೆ: “ಅಷ್ಟಿಲ್ಲ. ಆದರೆ ತೆಂಕಿನಿಂದ ಬರ್ತಾ ಉಂಟು. ನಿಮ್ಮವರಿಗೆ ಹೇಳು.”